15 ವರ್ಷದ ಗಾಡಿ, 500 ರೂಪಾಯಿಯ ಬ್ರೇಕ್ ಆಯಿಲ್

ಕಳೆದ ಸೆಪ್ಟೆಂಬರಿನಲ್ಲಿ ನಮ್ಮ ಗಾಡಿಗೆ 15 ವರ್ಷ ತುಂಬಿತು. ಹಿಂಜೆವಾಡಿಯ ಆಫೀಸಿನ ಪಾರ್ಕಿಂಗಿನಲ್ಲಿ ಅದರ ಅಕ್ಕಪಕ್ಕ ನಿಲ್ಲುವ ಕಾರುಗಳೆಲ್ಲ ಮಾತಾಡುತ್ತವೆ, ತಾವೇ ಬಾಗಿಲು ಹಾಕಿಕೊಳ್ಳುತ್ತವೆ. ನಮ್ಮದರ ಹಿಂಬಾಗಿಲನ್ನು ಎರಡು ಸಲ ಬಡಿದರೇ ಮುಚ್ಚುವುದು. 'ಇನ್ನೂ ಇಟ್ಟುಕೊಂಡಿದ್ದೀಯಾ?' ಎಂದು ಕೇಳದ ಸಹೋದ್ಯೋಗಿ ಇಲ್ಲ.

ಗಾಡಿ 2010ರ ಮಾಡೆಲ್. 2015ರಲ್ಲಿ ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಏಳು ಸೀಟು, ಲ್ಯಾಡರ್ ಫ್ರೇಮು, 2.2 ಲೀಟರ್ ಡೀಸೆಲ್ ಎಂಜಿನ್. ಆ ಕಾಲಕ್ಕೆ ಸ್ಕಾರ್ಪಿಯೊಗೂ ಸಫಾರಿಗೂ ಎರಡಕ್ಕೂ 2.2 ಲೀಟರ್ ಡೀಸೆಲ್ ಬರುತ್ತಿತ್ತು. ನಮ್ಮದು ಯಾವುದು ಎಂದು ಹೇಳುವುದಿಲ್ಲ. ಹೇಳಿದರೆ ಓದುಗರಲ್ಲಿ ಅರ್ಧ ಜನ ಇಲ್ಲಿಗೇ ಓದು ನಿಲ್ಲಿಸಿ ಜಗಳಕ್ಕೆ ನಿಲ್ಲುತ್ತಾರೆ. ವರ್ಷಕ್ಕೆ ನಾಲ್ಕು ಸಲ ಪುಣೆಯಿಂದ ಸಾತಾರಾ, ಕೊಲ್ಹಾಪುರ, ಬೆಳಗಾವಿ, ಧಾರವಾಡ ದಾಟಿ ಹಾವೇರಿಗೆ ಹೋಗಿ ಬರುವುದು ಇದರ ಮುಖ್ಯ ಕೆಲಸ. ಹೋಗುವಾಗ ಮಕ್ಕಳ ಸಾಮಾನು, ಬರುವಾಗ ಜೋಳದ ಹಿಟ್ಟು, ಶೇಂಗಾ ಚಟ್ನಿ, ಅವ್ವ ಕಟ್ಟಿಕೊಟ್ಟ ರೊಟ್ಟಿ.

ಈ ಗಾಡಿಯ ರಿಪೇರಿಯನ್ನು ನಾನೇ ಮಾಡಿಕೊಳ್ಳುತ್ತೇನೆ ಎಂದು ಗೆಳೆಯರಿಗೆಲ್ಲ ಗೊತ್ತು. ಹೇಗೆ ಶುರುವಾಯಿತು ಎಂದು ಕೇಳಿದರೆ ಇಷ್ಟು ದಿನ ಜಾರಿಕೊಳ್ಳುತ್ತಿದ್ದೆ. ಈ ಸಲ ಹೇಳಿಬಿಡುತ್ತೇನೆ.

ಮೊದಲು ನಾನು ಮಾಡುತ್ತಿದ್ದದ್ದು ರಿಪೇರಿ ಅಲ್ಲ, ಅಲಂಕಾರ. ದೊಡ್ಡ ಆಂಡ್ರಾಯ್ಡ್ ಸ್ಕ್ರೀನ್ ಕೂಡಿಸಿದೆ. ಹಿಂದೆ ಕ್ಯಾಮೆರಾ ಹಾಕಿದೆ. ನಾಲ್ಕು ಸ್ಪೀಕರ್ ಬದಲಿಸಿದೆ. ವೈರಿಂಗ್ ಎಲ್ಲ ನನ್ನದೇ ಕೈಚಳಕ ಎಂದು ಫೋಟೋ ಸಮೇತ ಹೇಳಿಕೊಂಡು ತಿರುಗಿದೆ. 2023ರ ಡಿಸೆಂಬರ್ ರಜೆಯಲ್ಲಿ ಅದೇ ಗಾಡಿಯಲ್ಲಿ ಅಪ್ಪ, ಅವ್ವ, ಹೆಂಡತಿ, ಇಬ್ಬರು ಮಕ್ಕಳನ್ನು ಕೂಡಿಸಿಕೊಂಡು ಹಾವೇರಿಯಿಂದ ಶಿರಸಿ ಮೇಲೆ ಗೋಕರ್ಣಕ್ಕೆ ಹೊರಟೆ. ಶಿರಸಿ ದಾಟಿದ ಮೇಲೆ ಕುಮಟಾ ಕಡೆಗೆ ಇಳಿಯುವುದು ದೇವಿಮನೆ ಘಟ್ಟ. ಟಾಪಿನ ಮೇಲೆ ಲಗೇಜು, ಒಳಗೆ ಆರು ಜನ. ನಾನು ನಾಲ್ಕನೇ ಗೇರಿನಲ್ಲಿ ಹಾಡು ಕೇಳುತ್ತ, ತಿರುವಿಗೊಮ್ಮೆ ಬ್ರೇಕ್ ತುಳಿಯುತ್ತ ಇಳಿಯುತ್ತಿದ್ದೆ.

ಅರ್ಧ ಘಟ್ಟದಲ್ಲಿ ಪೆಡಲ್ ಮೆತ್ತಗಾಯಿತು. ಮುಂದಿನ ತಿರುವಿಗೆ ಒತ್ತಿದರೆ ಸ್ಪಂಜು ತುಳಿದ ಹಾಗೆ ಕೆಳಗಿನವರೆಗೂ ಹೋಯಿತು. ಗಾಡಿ ನಿಧಾನವಾಗಲಿಲ್ಲ.

ಪಕ್ಕದಲ್ಲಿ ಕೂತಿದ್ದ ಅಪ್ಪ 31 ವರ್ಷ ಸಾರಿಗೆ ಬಸ್ಸು ಓಡಿಸಿದವರು. ನನ್ನ ಕಾಲು ನೋಡಿದ್ದರೋ, ಮುಖ ನೋಡಿದ್ದರೋ, ಒಂದೇ ಮಾತು ಹೇಳಿದರು: "ಸೆಕೆಂಡಿಗೆ ಹಾಕು. ಗಾಬರಿ ಆಗಬ್ಯಾಡ." ಮೂರಕ್ಕೆ, ಆಮೇಲೆ ಎರಡಕ್ಕೆ ಹಾಕಿದೆ. ಎಂಜಿನ್ ಕಿರುಚಿತು, ಗಾಡಿ ತಡೆದುಕೊಂಡಿತು. ಪೆಡಲನ್ನು ಪಟಪಟ ತುಳಿದೆ, ಸ್ವಲ್ಪ ಬ್ರೇಕ್ ಸಿಕ್ಕಿತು. ಅಪ್ಪ ಹ್ಯಾಂಡ್ ಬ್ರೇಕನ್ನು ತಾವೇ ಹಿಡಿದು ಇಷ್ಟಿಷ್ಟೇ ಎಳೆದರು. ಗುಡ್ಡದ ಬದಿಯ ಅಗಲ ಜಾಗದಲ್ಲಿ ನಿಂತೆವು. ಗಾಲಿಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಮಗಳು ಇಳಿದು ಟೈರಿನ ಮುಂದೆ ಕಲ್ಲಿಟ್ಟಳು. ಅವಳಿಗದು ಪಿಕ್‌ನಿಕ್. ಅವ್ವ ಮಾತಾಡಲಿಲ್ಲ.

ಮುಕ್ಕಾಲು ಗಂಟೆ ಆದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು. ಅಪ್ಪ ಬಾನೆಟ್ ಎತ್ತಿಸಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆಸಿದರು. ಒಳಗೆ ಕಷಾಯದ ಬಣ್ಣ.

"ಇದನ್ನ ಯಾವಾಗ ಬದಲಿ ಮಾಡಿದ್ದಿ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಕೊಂಡ ಮೇಲೆ ಒಂದೇ ಒಂದು ಸಲ, ಬಹುಶಃ 2018ರಲ್ಲಿ. ಹೆಂಡತಿ ಹಿಂದಿನಿಂದ ಕೇಳಿದಳು: "ಟೀವಿ ಹಾಕ್ಸಿದ್ರಿ, ಕ್ಯಾಮೆರಾ ಹಾಕ್ಸಿದ್ರಿ. ಬ್ರೇಕಿಗೆ ಏನ್ ಹಾಕ್ಸಿದ್ರಿ?" ಎರಡನೇ ಗೇರಿನಲ್ಲೇ ತೆವಳುತ್ತ ಕುಮಟಾ ಮುಟ್ಟಿದೆವು. ಅಲ್ಲಿನ ಮೆಕ್ಯಾನಿಕ್ ಆಯಿಲ್ ಬದಲಿಸಿಕೊಟ್ಟ. ಒಂದು ಲೀಟರಿಗೆ 500 ರೂಪಾಯಿಯ ಆಸುಪಾಸು. ನನ್ನ ಸ್ಕ್ರೀನಿಗೆ ಕೊಟ್ಟದ್ದು 18,000.

ಆದದ್ದೇನು ಎಂದು ಆಮೇಲೆ ಓದಿ ತಿಳಿದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂದು ನಿಯಮ. ತೇವ ಸೇರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಘಟ್ಟದಲ್ಲಿ ಸತತವಾಗಿ ಬ್ರೇಕ್ ತುಳಿದರೆ ಡಿಸ್ಕುಗಳ ಬಿಸಿ ಆಯಿಲಿಗೂ ಏರುತ್ತದೆ. ಅದು ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆಗಳು. ದ್ರವವನ್ನು ಅದುಮಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಹಾಗಾಗಿ ಕಾಲಿನ ಬಲವೆಲ್ಲ ಗುಳ್ಳೆ ಒತ್ತುವುದಕ್ಕೇ ಖರ್ಚಾಗಿ ಗಾಲಿಗೆ ಏನೂ ಮುಟ್ಟುವುದಿಲ್ಲ. ತಣ್ಣಗಾದರೆ ಆವಿ ಮತ್ತೆ ದ್ರವವಾಗಿ, ಏನೂ ಆಗೇ ಇಲ್ಲವೇನೋ ಎನ್ನುವ ಹಾಗೆ ಪೆಡಲ್ ಗಟ್ಟಿಯಾಗುತ್ತದೆ. ಅಪಾಯ ಇರುವುದು ಅಲ್ಲೇ. ಬಹಳ ಜನ 'ಸರಿ ಹೋಯಿತು' ಎಂದು ಮುಂದೆ ಹೊರಡುತ್ತಾರೆ.

ಪುಣೆಗೆ ಬಂದು ಒಂದು ವಹಿ ಮಾಡಿದೆ. ಆಫೀಸಿನಲ್ಲಿ ಬಗ್‌ಗಳಿಗೆ ಪಿ1, ಪಿ2, ಪಿ3 ಎಂದು ದರ್ಜೆ ಕೊಡುವ ನಾನು ಸ್ವಂತ ಗಾಡಿಗೆ ಕೊಟ್ಟಿರಲಿಲ್ಲ. ವಹಿಯಲ್ಲಿ ಮೂರು ಭಾಗ: ನಿಲ್ಲಿಸುವುದು, ಓಡಿಸುವುದು, ಮೆರೆಸುವುದು. ಮೊದಲ ಭಾಗದ ಕೆಲಸ ಬಾಕಿ ಇದ್ದರೆ ಎರಡಕ್ಕೆ ಕೈ ಹಾಕುವ ಹಾಗಿಲ್ಲ. ಎರಡು ಮುಗಿಯದೆ ಮೂರಕ್ಕೆ ಒಂದು ರೂಪಾಯಿಯೂ ಇಲ್ಲ. ಹಳೆಯ ಗಾಡಿ ಇಟ್ಟುಕೊಂಡವರಿಗೆ ಇದಕ್ಕಿಂತ ದೊಡ್ಡ ಸಲಹೆ ನನ್ನಲ್ಲಿಲ್ಲ. ಉಳಿದದ್ದೆಲ್ಲ ವಿವರ.

ನಿಲ್ಲಿಸುವುದು

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ಗಾಡಿ ಓಡಿರಲಿ ಬಿಡಲಿ. ಪ್ರತಿ ಊರ ಪಯಣದ ಮುಂಚೆ ಪ್ಯಾಡಿನ ದಪ್ಪ ನೋಡುತ್ತೇನೆ. ಅಲಾಯ್ ಚಕ್ರದ ಸಂದಿನಿಂದ ಟಾರ್ಚ್ ಬಿಟ್ಟರೇ ಕಾಣುತ್ತದೆ; 3 ಮಿಲಿಮೀಟರಿಗೆ ಬಂದರೆ ಬದಲಿ.

ಟೈರಿನಲ್ಲಿ ಜನ ಗುಂಡಿ ಮಾತ್ರ ನೋಡುತ್ತಾರೆ. ಗುಂಡಿಯ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎನ್ನುವುದು ಸರಿಯೇ. ಅದರ ಜೊತೆಗೆ ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 3418 ಎಂದಿದ್ದರೆ 2018ರ 34ನೇ ವಾರ ತಯಾರಾದದ್ದು. ನನ್ನ ಸ್ಟೆಪ್ನಿ ನೋಡಿದಾಗ ಗುಂಡಿ ಹೊಸದರಂತೆ, ಅಂಕಿಯ ಪ್ರಕಾರ ವಯಸ್ಸು 13. ಪಕ್ಕೆಯಲ್ಲಿ ಕೂದಲೆಳೆ ಬಿರುಕು. ನಡುರಾತ್ರಿ ನಿಪ್ಪಾಣಿಯ ಹತ್ತಿರ ಅದನ್ನೇ ನಂಬಿ ಹಾಕಿಕೊಳ್ಳುತ್ತಿದ್ದೆನಲ್ಲ!

ಮೂರನೆಯದು ಹಿಂದಿನ ಅಡ್ಡ ಸೀಟುಗಳು. ಎದುರು ಬದುರು ಕೂರುವ ಆ ಸೀಟು ಮಕ್ಕಳಿಗೆ ಪ್ರಾಣ. ನಮ್ಮದರಲ್ಲಿ ಅವಕ್ಕೆ ಬೆಲ್ಟ್ ಇಲ್ಲ, ಹಿಂದಿನಿಂದ ಯಾರಾದರೂ ಗುದ್ದಿದರೆ ಮೊದಲು ಸಿಗುವುದು ಅದೇ ಜಾಗ. ಈಗ ಅಲ್ಲಿ ರೊಟ್ಟಿ ಗಂಟು ಕೂರುತ್ತದೆ, ಮಕ್ಕಳು ನಡುವಿನ ಸಾಲಿನಲ್ಲಿ ಬೆಲ್ಟ್ ಹಾಕಿಕೊಂಡು. ಎರಡು ಪ್ರಯಾಣ ಅತ್ತರು, ಮೂರನೆಯದಕ್ಕೆ ಮರೆತರು.

ಓಡಿಸುವುದು

ಎಂಜಿನ್ ಆಯಿಲ್ ಬದಲಿಸುವುದು ಎಲ್ಲರೂ ಕಲಿಯಬಹುದಾದ ಕೆಲಸ. ಹತ್ತು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೆಳಗಿನ ಬೋಲ್ಟ್ ಬಿಚ್ಚಿದರೆ ಆಯಿಲ್ ಇಳಿಯುತ್ತದೆ. ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು. ಹೊಸ ಫಿಲ್ಟರಿನ ರಬ್ಬರಿಗೆ ಎರಡು ಹನಿ ಆಯಿಲ್ ಸವರಿ ಕೈಯಿಂದಲೇ ಬಿಗಿ ಮಾಡಬೇಕು. ಪಾನಾ ಹಾಕಿ ಬಿಗಿದರೆ ಮುಂದಿನ ಸಲ ಬಿಚ್ಚಲು ಕಣ್ಣೀರು ಬರುತ್ತದೆ. ಹಳೆಯ ಆಯಿಲನ್ನು ಚರಂಡಿಗೆ ಸುರಿಯಬೇಡಿ. ನಾನು ಡಬ್ಬಿಯಲ್ಲಿ ತುಂಬಿ, ಸುಟ್ಟ ಆಯಿಲನ್ನು ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡುತ್ತೇನೆ. ಸೊಸೈಟಿಯ ಪಾರ್ಕಿಂಗಿನಲ್ಲಿ ಒಂದು ಹನಿ ಬಿದ್ದರೂ ಸೆಕ್ರೆಟರಿಯವರ ಮೆಸೇಜ್ ಬರುತ್ತದೆ. ಅದಕ್ಕೆ ಹಳೆಯ ಫ್ಲೆಕ್ಸ್ ಬ್ಯಾನರ್ ಹಾಸಿಕೊಳ್ಳುತ್ತೇನೆ. ಪೋಸ್ಟರಿನ ಮುಖಂಡರು ಮೇಲ್ಮುಖವಾಗಿ ನಗುತ್ತಿರುತ್ತಾರೆ, ಅವರ ಎದೆಯ ಮೇಲೆ ಮಲಗಿ ನನ್ನ ಕೆಲಸ.

ಗಾಡಿಯ ಕೆಳಗೆ ಹೋಗುವವರು ಒಂದು ಮಾತು ನೆನಪಿಡಿ. ಗಾಡಿಯ ಜೊತೆ ಬರುವ ಜಾಕ್ ಗಾಲಿ ಬದಲಿಸಲಿಕ್ಕೆ, ಮನುಷ್ಯ ಕೆಳಗೆ ಮಲಗಲಿಕ್ಕಲ್ಲ. ಎರಡು ಟನ್ನಿನ ಗಾಡಿ ಜಾಕ್ ಜಾರಿದರೆ ಕೂಗಲಿಕ್ಕೂ ಪುರಸೊತ್ತು ಸಿಗುವುದಿಲ್ಲ. ಕಬ್ಬಿಣದ ಸ್ಟ್ಯಾಂಡ್ ಎರಡು ಕೊಳ್ಳಿ, ಗಾಲಿಗೆ ಕಲ್ಲು ಇಡಿ, ಆಮೇಲೆ ತಲೆ ಒಳಗೆ ಹಾಕಿ.

ಕೂಲಂಟ್ ವಿಷಯದಲ್ಲಿ ಮಾಡುವ ತಪ್ಪು ನಲ್ಲಿ ನೀರು. ಬೋರ್‌ವೆಲ್ಲಿನ ಗಡಸು ನೀರು ಸ್ನಾನದ ಗೀಸರಿನಲ್ಲಿ ಏನು ಮಾಡುತ್ತದೆಯೋ ರೇಡಿಯೇಟರಿನಲ್ಲೂ ಅದನ್ನೇ ಮಾಡುತ್ತದೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಬಿಸಿ ಇದ್ದಾಗ ಮುಚ್ಚಳ ಮುಟ್ಟಬೇಡಿ. ತಣ್ಣಗಿದ್ದಾಗ ರಬ್ಬರ್ ಹೋಸ್ ಪೈಪನ್ನು ಹಿಚುಕಿ ನೋಡಿ: ಹಪ್ಪಳದ ಹಾಗೆ ಕರಕರ ಎಂದರೆ ಅಥವಾ ತೀರಾ ಮೆತ್ತಗಿದ್ದರೆ ಬದಲಿಸುವ ಕಾಲ ಬಂತು. ಹಳೆಯ ಗಾಡಿಯಲ್ಲಿ ಕಬ್ಬಿಣಕ್ಕಿಂತ ಮೊದಲು ಮುಪ್ಪಾಗುವುದು ರಬ್ಬರು. ಹೋಸ್, ಫ್ಯಾನ್ ಬೆಲ್ಟ್, ಸಸ್ಪೆನ್ಶನ್ನಿನ ಬುಷ್. ತಗ್ಗಿನಲ್ಲಿ ಕಟಕಟ ಸದ್ದಾದರೆ 'ಗಾಡಿ ಸತ್ತಿತು' ಎಂದು ಮಾರಾಟಕ್ಕಿಡುವವರಿದ್ದಾರೆ. ನಮ್ಮದರಲ್ಲಿ ಸದ್ದು ಮಾಡುತ್ತಿದ್ದದ್ದು ಕೆಲವು ನೂರು ರೂಪಾಯಿಯ ಸ್ಟೆಬಿಲೈಸರ್ ಲಿಂಕ್.

ಬ್ಯಾಟರಿಗೆ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜು, 12.2 ಇದ್ದರೆ ಸುಮಾರು ಅರ್ಧ. ಎಂಜಿನ್ ಶುರುವಾದ ಮೇಲೆ 13.8ರಿಂದ 14.4ರ ಒಳಗೆ ತೋರಿಸಿದರೆ ಆಲ್ಟರ್ನೇಟರ್ ಚೆನ್ನಾಗಿದೆ. ಟರ್ಮಿನಲ್ ಮೇಲಿನ ಬಿಳಿ ಹಸಿರು ಪುಡಿಗೆ ಬಿಸಿ ನೀರು, ಅಡುಗೆ ಸೋಡಾ, ಹಳೆಯ ಹಲ್ಲುಜ್ಜುವ ಬ್ರಷ್. ಒಣಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ. ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಮೈನಸ್ ಕೊನೆಗೆ.

ನಮ್ಮಂಥ ಕಂಪ್ಯೂಟರ್ ಜನಕ್ಕೆ ಇಷ್ಟವಾಗುವ ಸಾಮಾನು ಒಬಿಡಿ ರೀಡರ್. ಸ್ಟೀರಿಂಗ್ ಕೆಳಗಿನ ಕನೆಕ್ಟರಿಗೆ ಚುಚ್ಚಿದರೆ ಫೋನಿನಲ್ಲಿ ಕೋಡ್ ಬರುತ್ತದೆ. ಹೋದ ಮಳೆಗಾಲ ಕರಾಡ ದಾಟಿದ ಮೇಲೆ ಎಂಜಿನ್ ದೀಪ ಹತ್ತಿ ಗಾಡಿ ಏರು ಎಳೆಯದಾಯಿತು. ಹತ್ತಿರದ ಗ್ಯಾರೇಜಿನಲ್ಲಿ ಹೈ ಪ್ರೆಶರ್ ಪಂಪ್ ಹೋಗಿದೆ ಎಂದು ದೊಡ್ಡ ಮೊತ್ತ ಹೇಳಿದರು. ನನ್ನ ರೀಡರಿನಲ್ಲಿ ಬಂದ ಕೋಡ್ ಪಿ0087. ಅರ್ಥ, ಇಂಧನದ ಒತ್ತಡ ಸಾಲದು. ಪಂಪ್ ಕೆಟ್ಟಿರಬಹುದು, ನಿಜ. ಆದರೆ ಡೀಸೆಲ್ ಫಿಲ್ಟರ್ ಕಟ್ಟಿಕೊಂಡರೂ ಅದೇ ಕೋಡ್ ಬರುತ್ತದೆ. ಫಿಲ್ಟರಿನ ಅಡಿಯ ತಿರುಪು ಸಡಿಲಿಸಿದರೆ ಅರ್ಧ ಲೋಟ ನೀರು ಬಂತು. ಹೊಸ ಫಿಲ್ಟರ್ ಹಾಕಿ, ಗಾಳಿ ತೆಗೆದು, ಅದೇ ಸಂಜೆ ಬೆಳಗಾವಿ ಮುಟ್ಟಿದೆ. ಕೋಡ್ ಹೇಳುವುದು ರೋಗದ ಲಕ್ಷಣ. ಯಾವ ಭಾಗ ಬದಲಿಸಬೇಕು ಎಂದಲ್ಲ. ಅಗ್ಗದ್ದರಿಂದ ಶುರು ಮಾಡಿ ದುಬಾರಿಯ ಕಡೆ ಹೋಗಿ. ಕೋಡ್ ಅಳಿಸಿ ದೀಪ ಆರಿಸಿದರೆ ರಿಪೇರಿ ಆದಂತಲ್ಲ. ಲಾಗ್ ಅಳಿಸಿ 'ಬಗ್ ಸರಿಯಾಯಿತು' ಎನ್ನುವ ಜೂನಿಯರನ್ನು ನಾವೇ ಬೈಯುತ್ತೇವಲ್ಲವೇ?

ಮೆರೆಸುವುದು

ಇದರಲ್ಲೂ ಒಂದೆರಡು ಕೆಲಸಕ್ಕೆ ಬರುವಂಥವು. ಹೆಡ್‌ಲೈಟಿನ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗಿ ರಾತ್ರಿ ದಾರಿ ಕಾಣುತ್ತಿರಲಿಲ್ಲ. ಟೂತ್‌ಪೇಸ್ಟಿನಿಂದ ಉಜ್ಜಿದ್ದು ಒಂದು ತಿಂಗಳು ಬಾಳಿತು. ಸರಿಯಾದ ದಾರಿ ಎಂದರೆ ನೀರು ಹಾಕುತ್ತ 800, 1500, 2000 ನಂಬರಿನ ಪಾಲಿಶ್ ಕಾಗದದಿಂದ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ಬಿಸಿಲು ತಡೆಯುವ ಕ್ಲಿಯರ್ ಕೋಟ್. ಆ ಕೊನೆಯ ಕೋಟ್ ಬಿಟ್ಟರೆ ಶ್ರಮವೆಲ್ಲ ನೀರಿನಲ್ಲಿ ಹೋಮ.

ಅದಕ್ಕೂ ಮೊದಲು ಬೆಳಕು ಸಾಲದೆಂದು 100 ವ್ಯಾಟಿನ ಬಲ್ಬ್ ಹಾಕಿ ಹೋಲ್ಡರ್ ಕರಗಿಸಿದ ಪರಾಕ್ರಮವೂ ನನ್ನದೇ. ಕಂಪನಿಯ ವೈರು ಇರುವುದು 60/55 ವ್ಯಾಟಿನ ಲೆಕ್ಕಕ್ಕೆ. ಈಗ ಅದೇ ಮಾಮೂಲಿ ಬಲ್ಬಿಗೆ, ಬ್ಯಾಟರಿಯಿಂದ ನೇರ ದಪ್ಪ ವೈರು, ನಡುವೆ ಫ್ಯೂಸು ಮತ್ತು ರಿಲೇ. ಹಳೆಯ ಸ್ವಿಚ್ಚು ವೈರುಗಳಲ್ಲಿ ಸೋರಿಹೋಗುತ್ತಿದ್ದ ವೋಲ್ಟೇಜು ಉಳಿದು ಬೆಳಕು ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಎದುರಿನವರ ಕಣ್ಣಿಗೂ ತೊಂದರೆಯಿಲ್ಲ.

ಮುಂದಿನ ಕಬ್ಬಿಣದ ಗಾರ್ಡನ್ನು ಬಿಚ್ಚಿ ಗುಜರಿಗೆ ಹಾಕಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಅದು ವಿರುದ್ಧ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಗುದ್ದಿದಾಗ ಬಂಪರ್ ಕುಗ್ಗಿ ಪೆಟ್ಟು ನುಂಗಬೇಕು. ಗಾರ್ಡ್ ಆ ಪೆಟ್ಟನ್ನು ನೇರ ಫ್ರೇಮಿಗೆ, ಅಲ್ಲಿಂದ ಕೂತವರಿಗೆ ಮುಟ್ಟಿಸುತ್ತದೆ. ರಸ್ತೆ ದಾಟುವವನ ಗತಿ ಹೇಳುವುದೇ ಬೇಡ.

ನಾನು ಮುಟ್ಟದ ಕೆಲಸಗಳೂ ಇವೆ: ಏರ್‌ಬ್ಯಾಗ್, ಇಂಜೆಕ್ಟರ್, ಸಸ್ಪೆನ್ಶನ್ ಸ್ಪ್ರಿಂಗ್, ಎಸಿ ಗ್ಯಾಸ್. ಅವಕ್ಕೆ ಬಲ್ಲವರಿದ್ದಾರೆ, ಅವರ ಕೂಲಿಗೆ ಅರ್ಥವಿದೆ.

ಹೊರರಾಜ್ಯದಲ್ಲಿರುವ ನಮಗೆ ಕಾಗದಪತ್ರವೂ ಒಂದು ಬಿಡಿಭಾಗ. ಊರಿನ ನೋಂದಣಿಯ ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಿಕೊಳ್ಳಬೇಕು. ಊರಿನ ಆರ್‌ಟಿಒದಿಂದ ಎನ್‌ಒಸಿ, ಇಲ್ಲಿ ಹೊಸದಾಗಿ ರಸ್ತೆ ತೆರಿಗೆ, ಅಲ್ಲಿ ಕಟ್ಟಿದ್ದರಲ್ಲಿ ಉಳಿದದ್ದಕ್ಕೆ ಮರುಪಾವತಿ ಅರ್ಜಿ. ನಮ್ಮ ಕೆಎ 25 ಹೀಗೆ ಎಂಎಚ್ 14 ಆಯಿತು. 15 ವರ್ಷ ತುಂಬಿದ ಖಾಸಗಿ ಗಾಡಿಯನ್ನು ಆರ್‌ಟಿಒದಲ್ಲಿ ತೋರಿಸಿ ಪಾಸಾದರೆ ಐದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕವೇ 5000 ರೂಪಾಯಿ, ಮಹಾರಾಷ್ಟ್ರದಲ್ಲಿ ಮೇಲೆ ಪರಿಸರ ತೆರಿಗೆ. ದೆಹಲಿಯ ಓದುಗರ ಲೆಕ್ಕ ಬೇರೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲೇ ಕಣ್ಣಿಟ್ಟಿತು. ಅವರು ಬ್ರೇಕ್ ಆಯಿಲಿಗೆ ಮೊದಲು ಕೋರ್ಟಿನ ಸುದ್ದಿ ನೋಡಿಕೊಳ್ಳಬೇಕು.

ತಪಾಸಣೆಗೆ ಒಯ್ಯುವ ಮುಂಚೆ, ಆಗಸ್ಟಿನಲ್ಲಿ ಊರಿಗೆ ಹೋದಾಗ, ಹಾವೇರಿಯ ಮನೆ ಅಂಗಳದಲ್ಲಿ ಬ್ರೇಕ್ ಆಯಿಲ್ ಬದಲಿಸಿದೆ. ಇದು ಇಬ್ಬರು ಮಾಡುವ ಕೆಲಸ. ಒಬ್ಬ ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಗಾಲಿಯ ಹತ್ತಿರ ನಿಪ್ಪಲ್ ಸಡಿಲಿಸಿ ಹಳೆಯದನ್ನು ಪಾರದರ್ಶಕ ಪೈಪಿನಿಂದ ಬಾಟಲಿಗೆ ಬಿಡಬೇಕು. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ಕಾಲು ಎತ್ತಬೇಕು. ಮೊದಲೇ ಎತ್ತಿದರೆ ಗಾಳಿ ಒಳಗೆ ಹೋಗುತ್ತದೆ. ಮೇಲಿನ ಡಬ್ಬಿ ಖಾಲಿಯಾಗಲು ಬಿಡಬಾರದು. ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಕಿತ್ತು ಬರುತ್ತದೆ, ಕೂಡಲೇ ನೀರು ಹಾಕಿ. ನಮ್ಮದು ಎಬಿಎಸ್ ಇಲ್ಲದ ಮಾಡೆಲ್, ಆದ್ದರಿಂದ ಸರಳ: ದೂರದ ಗಾಲಿಯಿಂದ ಶುರು, ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಎಬಿಎಸ್ ಇದ್ದವರು ಮ್ಯಾನ್ಯುಯಲ್ ನೋಡಿಯೇ ಮುಂದುವರಿಯಿರಿ.

ಪೆಡಲಿಗೆ ಯಾರು ಎಂದು ಹುಡುಕುತ್ತಿದ್ದೆ. ಅಪ್ಪ ಬಂದು ಡ್ರೈವರ್ ಸೀಟಿನಲ್ಲಿ ಕೂತರು. ಕಣ್ಣಿನ ಆಪರೇಶನ್ ಆದ ಮೇಲೆ ಎರಡು ವರ್ಷದಿಂದ ಅವರು ಸ್ಟೀರಿಂಗ್ ಮುಟ್ಟಿರಲಿಲ್ಲ. ಸೀಟು ಮುಂದೆ ಎಳೆದುಕೊಂಡರು, ಕನ್ನಡಿ ಸರಿ ಮಾಡಿಕೊಂಡರು. ಗಾಡಿ ಸ್ಟ್ಯಾಂಡಿನ ಮೇಲಿತ್ತು, ಎಲ್ಲಿಗೂ ಹೋಗುವಂತಿರಲಿಲ್ಲ.

"ಒತ್ರಿ," ಎಂದೆ.

"ಒತ್ತೀನಿ."

"ಹಿಡೀರಿ... ಬಿಡ್ರಿ."

ನಾಲ್ಕು ಗಾಲಿಗೆ ಒಂದು ಗಂಟೆ ಹಿಡಿಯಿತು. ಒಂದು ಸಲವೂ ಅವರು ಕಾಲನ್ನು ಮೊದಲೇ ಎತ್ತಲಿಲ್ಲ. ಕೊನೆಯ ನಿಪ್ಪಲ್ ಬಿಗಿ ಮಾಡಿ ಎದ್ದಾಗ ಪೆಡಲನ್ನು ಇನ್ನೊಮ್ಮೆ ಒತ್ತಿ ನೋಡಿ ಹೇಳಿದರು: "ಈಗ ಗಟ್ಟಿ ಆತು. ಘಟ್ಟದಾಗ ಮಾತ್ರ ಗೇರಿನಾಗ ಇಳಿ. ಏರೂ ಮುಂದ ಯಾವ ಗೇರೋ, ಇಳಿಯೂ ಮುಂದನೂ ಅದ ಗೇರು."

ಸೆಪ್ಟೆಂಬರಿನಲ್ಲಿ ಗಾಡಿ ಪಾಸಾಯಿತು. ಇನ್ನು 2030ರವರೆಗೆ ನಮ್ಮದೇ. ಮುಂದಿನ ಬ್ರೇಕ್ ಆಯಿಲ್ 2027ರ ಆಗಸ್ಟಿಗೆ, ವಹಿಯಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಗಾಡಿಯದು ಯಾವಾಗ ಬದಲಾಗಿತ್ತು? ನೆನಪಿಲ್ಲ ಎಂದಾದರೆ, ಮುಂದಿನ ಸಲ ಊರಿಗೆ ಹೊರಡುವ ಮುಂಚೆ ಬಾನೆಟ್ ಎತ್ತಿ ಆ ಡಬ್ಬಿಯ ಬಣ್ಣ ನೋಡಿ.